ಖಾಲಿ ರಸ್ತೆಯಲ್ಲಿ ಬ್ರೇಕ್, ನಿಂತ ಲಾರಿ ಕಂಡರೂ ಸುಮ್ಮನೆ: ಕಾರಿನ ರೇಡಾರ್‌ಗೆ ಏನಾಗಿದೆ?

ಪ್ರಶ್ನೆ: ನಮ್ಮದು ನಾಲ್ಕು ವರ್ಷ ಹಳೆಯ ಕಾರು. ಮುಂದೆ ಒಂದು ರೇಡಾರ್ ಇದೆ. ಹಿಂದಿನ ಬಂಪರಿನ ಒಳಗೆ ಎರಡು ಮೂಲೆಯಲ್ಲಿ ಒಂದೊಂದಿದೆ. ಕೆಲವು ತಿಂಗಳ ಹಿಂದೆ ಯಾರೋ ಹಿಂದಿನ ಎಡಮೂಲೆಗೆ ಗುದ್ದಿದರು. ಬಂಪರ್ ಬದಲಿಸಲಿಲ್ಲ, ಪುಟ್ಟಿ ಹಾಕಿ ಪೇಂಟ್ ಮಾಡಿಸಿದೆವು. ಅಲ್ಲಿಂದ ಎಡಗಡೆಯ ಬ್ಲೈಂಡ್ ಸ್ಪಾಟ್ ದೀಪ (ಕನ್ನಡಿಗೆ ಕಾಣದ ಜಾಗದಲ್ಲಿ ವಾಹನ ಇದೆ ಎಂದು ಎಚ್ಚರಿಸುವುದು) ತಡವಾಗಿ ಹತ್ತುತ್ತದೆ. ರಸ್ತೆ ಬದಿಯ ಕಬ್ಬಿಣದ ತಡೆಬೇಲಿ ಪಕ್ಕ ಹೋಗುವಾಗ ಯಾರೂ ಇಲ್ಲದಿದ್ದರೂ ಹತ್ತುತ್ತದೆ. ಮುಂದಿನ ರೇಡಾರನ್ನು ಯಾರೂ ಮುಟ್ಟಿಲ್ಲ. ಆದರೂ ಹೈವೇಯಲ್ಲಿ ಕ್ರೂಸ್ (ಮುಂದಿನ ವಾಹನ ನೋಡಿ ಕಾರೇ ವೇಗ ಹೊಂದಿಸಿಕೊಳ್ಳುವ ವ್ಯವಸ್ಥೆ) ಹಾಕಿಕೊಂಡು ಹೋಗುವಾಗ ಎರಡು ಸಲ ಮೇಲ್ಸೇತುವೆ ಬರುತ್ತಿದ್ದಂತೆ ತಾನಾಗಿಯೇ ಬ್ರೇಕ್ ಬಿತ್ತು. ಎರಡು ಸಲವೂ ಡಿಕ್ಕಿ ತುಂಬ ಲಗೇಜು ಇತ್ತು, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ. ಇನ್ನೊಮ್ಮೆ ದೂರದಲ್ಲಿ ಲಾರಿ ನಿಂತಿದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು, ಕಾರು ಮಾತ್ರ ವೇಗ ಇಳಿಸಲಿಲ್ಲ, ನಾನೇ ಬ್ರೇಕ್ ಒತ್ತಿದೆ. ಮೆಕ್ಯಾನಿಕ್ ಮೂರೂ ಸೆನ್ಸರ್ ಬದಲಿಸಿ ಅನ್ನುತ್ತಾರೆ. ಗೆಳೆಯ ಇದು ಬೇರೆ ಕಾರುಗಳ ರೇಡಾರಿನ ಕಾಟ ಅನ್ನುತ್ತಾನೆ. ಅಮ್ಮನಿಗೆ ಮಕ್ಕಳ ಮೇಲೆ ಅದರ ಕಿರಣ ಬೀಳುತ್ತದೆ ಎಂಬ ಭಯ. ಇದನ್ನೆಲ್ಲ ಆಫ್ ಮಾಡಿಬಿಡಲೇ? ಮುಂದಿನ ಸಲ ಕ್ಯಾಮೆರಾ ಮಾತ್ರ ಇರುವ ಕಾರು ಕೊಳ್ಳಲೇ?

ಉತ್ತರ: ಸೆನ್ಸರ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಮೂರೂ ಸೆನ್ಸರ್ ಒಳಗಿನಿಂದ ಚೆನ್ನಾಗಿಯೇ ಇರುವ ಸಾಧ್ಯತೆ ಜಾಸ್ತಿ. ಹಿಂದಿನ ಎಡಗಡೆಯ ತೊಂದರೆ ಬಂದಿರುವುದು ಬಹುಪಾಲು ಆ ಪುಟ್ಟಿ-ಪೇಂಟ್‌ನಿಂದ, ಇಲ್ಲವೇ ಗುದ್ದಿಗೆ ವಾಲಿದ, ಸೆನ್ಸರ್ ಹಿಡಿದಿಡುವ ಬ್ರಾಕೆಟ್‌ನಿಂದ. ಮುಂದಿನದರಲ್ಲಿ ಒಂದಿಷ್ಟು ರೇಡಾರ್‌ನ ಹುಟ್ಟುಗುಣ, ಇನ್ನೊಂದಿಷ್ಟು ನಿಮ್ಮ ಲಗೇಜು.

ಸೇತುವೆಗೆ ಹೆದರಿ ಬ್ರೇಕ್ ಹಾಕಿದ್ದು, ಲಾರಿ ಇದ್ದರೂ ಹಾಕದೇ ಇದ್ದದ್ದು, ಇವೆರಡು ಒಂದಕ್ಕೊಂದು ಉಲ್ಟಾ ಅನ್ನಿಸುತ್ತದೆ ಅಲ್ವಾ? ಒಂದರಲ್ಲಿ ಅತಿ ಸೂಕ್ಷ್ಮ, ಇನ್ನೊಂದರಲ್ಲಿ ಕುರುಡು. ಅಸಲಿಗೆ ಎರಡೂ ಒಂದೇ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರಗಳು. ತಡೆಬೇಲಿ ಪಕ್ಕ ದೀಪ ಹತ್ತುವುದೂ ಅದೇ. ಪ್ರಶ್ನೆ ಇಷ್ಟೇ: ಪ್ರತಿಧ್ವನಿ ಬಂದ ಜಾಗದಲ್ಲಿರುವ ವಸ್ತು ನಿಂತಿದೆಯೋ, ಓಡುತ್ತಿದೆಯೋ? ನಿಂತಿದ್ದರೆ, ಅದು ನಮ್ಮ ದಾರಿಗೆ ಅಡ್ಡ ಇದೆಯೋ ಇಲ್ಲವೋ?

ಇದು ಅಷ್ಟು ಕಷ್ಟ ಯಾಕೆ ಎಂದು ತಿಳಿಯಲು ರೇಡಾರ್ ಏನನ್ನು ಅಳೆಯುತ್ತದೆ ಎಂದು ನೋಡಬೇಕು. ಈಗಿನ ಕಾರುಗಳ ಮುಂದಿನ ರೇಡಾರ್ 76ರಿಂದ 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಮೂಲೆಯ ರೇಡಾರ್‌ಗಳು 77ರಿಂದ 81ರ ನಡುವೆ, ಹಳೆಯವು 24 ಗಿಗಾಹರ್ಟ್ಸ್‌ನಲ್ಲಿ. ಸೆನ್ಸರ್ ತನ್ನ ತರಂಗದ ಆವರ್ತನವನ್ನು ಒಂದೇ ಸಮ ಏರಿಸುತ್ತಾ ಕಳಿಸುತ್ತದೆ. ಮರಳಿ ಬಂದ ಅಲೆಗೂ ಆ ಗಳಿಗೆಯಲ್ಲಿ ಹೊರಡುತ್ತಿರುವ ಅಲೆಗೂ ಇರುವ ವ್ಯತ್ಯಾಸದಿಂದ ದೂರ ಸಿಗುತ್ತದೆ. ಇಂಥ ಏರಿಕೆಗಳನ್ನು ಒಂದರ ಹಿಂದೊಂದು ಬೇಗ ಬೇಗ ಕಳಿಸಿ, ಉತ್ತರ ಹೇಗೆ ಬದಲಾಗುತ್ತಿದೆ ಎಂದು ನೋಡಿದರೆ ಡಾಪ್ಲರ್ ಲೆಕ್ಕದಲ್ಲಿ (ವಸ್ತುವಿನ ಚಲನೆಯಿಂದ ಅಲೆಯಲ್ಲಿ ಆಗುವ ಬದಲಾವಣೆಯ ಲೆಕ್ಕ) ವೇಗ ಸಿಗುತ್ತದೆ.

ಇವೆರಡರಲ್ಲಿ ರೇಡಾರನ್ನು ಮೀರಿಸುವುದು ಕಷ್ಟ. 1 ಗಿಗಾಹರ್ಟ್ಸ್ ಅಗಲದ ಏರಿಕೆ ಕಳಿಸಿದರೆ 15 ಸೆಂಟಿಮೀಟರ್ ಅಂತರದ ಎರಡು ವಸ್ತುಗಳನ್ನು ಬೇರೆ ಮಾಡಬಹುದು. ವೇಗದಲ್ಲಂತೂ ತಪ್ಪು ಗಂಟೆಗೆ ಒಂದು ಕಿಲೋಮೀಟರ್‌ಗಿಂತ ಕಡಿಮೆ. ಕತ್ತಲೆ, ಮಂಜು, ಎದುರು ಬಿಸಿಲು, ಯಾವುದರ ಹಂಗೂ ಇಲ್ಲ.

ಎಡವುವುದು ದಿಕ್ಕಿನಲ್ಲಿ. ಅಲೆ ಯಾವ ಕಡೆಯಿಂದ ಬಂತು ಎಂದು ತಿಳಿಯಲು ಹಲವು ಆಂಟೆನಾಗಳ ಉತ್ತರವನ್ನು ಹೋಲಿಸಬೇಕು. ಸಾಮಾನ್ಯವಾಗಿ ಕಾಣುವ ಒಂದು ಜೋಡಣೆಯಲ್ಲಿ ಕಳಿಸುವ ಆಂಟೆನಾ 3, ಕೇಳುವುದು 4 ಇರುತ್ತದೆ. ಲೆಕ್ಕದಲ್ಲಿ ಅದು 12 ಆಂಟೆನಾಗಳ ಸಾಲಿಗೆ ಸಮ. ಅಷ್ಟರಿಂದ ಸಿಗುವ ಕೋನದ ಸ್ಪಷ್ಟತೆ ಸುಮಾರು 9 ಡಿಗ್ರಿ. 100 ಮೀಟರ್ ದೂರದಲ್ಲಿ 9 ಡಿಗ್ರಿ ಎಂದರೆ 15 ಮೀಟರ್‌ಗಿಂತ ಜಾಸ್ತಿ ಅಗಲ, ನಾಲ್ಕು ಲೇನ್! ಅಷ್ಟು ದೂರದಲ್ಲಿ ಅಕ್ಕಪಕ್ಕ ಇರುವ ಎರಡು ವಸ್ತುಗಳ ವೇಗ ಬೇರೆ ಬೇರೆ ಇದ್ದರೆ ರೇಡಾರ್ ಆ ವೇಗವನ್ನೇ ಹಿಡಿದು ಅವನ್ನು ಬಿಡಿಸಿಕೊಳ್ಳುತ್ತದೆ. ಎರಡೂ ನಿಂತಿದ್ದರೆ ಆ ದಾರಿಯೂ ಮುಚ್ಚಿಹೋಯಿತು. ಎತ್ತರದ ವಿಷಯದಲ್ಲಿ ಇನ್ನೂ ಕಷ್ಟ. ಹಲವು ಕಾರುಗಳ ರೇಡಾರ್ ಎತ್ತರವನ್ನು ಅಳೆಯುವುದೇ ಇಲ್ಲ, ಅಳೆದರೂ ಒರಟಾಗಿ. ಕಣ್ಣು ಮುಚ್ಚಿ ಜಗಲಿಯಲ್ಲಿ ಕೂತವರು ಹೆಜ್ಜೆ ಸದ್ದಿನಿಂದಲೇ ಯಾರು ಹತ್ತಿರ ಬರುತ್ತಿದ್ದಾರೆ ಎಂದು ಹೇಳಬಲ್ಲರು, ಆದರೆ ಸುಮ್ಮನೆ ನಿಂತವರು ಕಂಬವೋ ಮನುಷ್ಯರೋ ಎಂದು ಕೇಳಿದರೆ ತಡವರಿಸುತ್ತಾರೆ. ಹಾಗೆ ಇದು.

ರಸ್ತೆಯಲ್ಲಿ ನಿಂತಿರುವ ಲೋಹಕ್ಕೆ ಲೆಕ್ಕವೇ ಇಲ್ಲ. ಸೂಚನಾ ಫಲಕ, ತಡೆಬೇಲಿ, ದೀಪದ ಕಂಬ, ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕೀಲುಪಟ್ಟಿ, ಬಿದ್ದಿರುವ ಡಬ್ಬ. ಎಲ್ಲವೂ ಗಟ್ಟಿಯಾಗಿ ಉತ್ತರ ಕೊಡುತ್ತವೆ, ಎಲ್ಲವೂ ನಮ್ಮ ಕಾರಿನ ವೇಗದಲ್ಲೇ ನಮ್ಮತ್ತ ಬರುತ್ತಿರುವ ಹಾಗೆ ಕಾಣುತ್ತವೆ. ನಿಂತ ಲಾರಿಯೂ ಆ ಗುಂಪಿನಲ್ಲಿ ಒಂದು. 1999ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ 77 ಗಿಗಾಹರ್ಟ್ಸ್ ರೇಡಾರಿನ ಕ್ರೂಸ್ ಬಂತು. ಆ ಮೊದಲ ಕಾಲದ ವ್ಯವಸ್ಥೆಗಳು ಹೆಚ್ಚಾಗಿ ಹಿಡಿದ ದಾರಿ ನೇರ: ನಿಂತದ್ದನ್ನೆಲ್ಲ ಬಿಟ್ಟುಬಿಡು, ಓಡುತ್ತಿರುವುದನ್ನು ಮಾತ್ರ ಹಿಂಬಾಲಿಸು. ಈಗಿನವು ಅಷ್ಟು ಒರಟಲ್ಲ. ಆದರೂ ಮೊದಲು ಓಡುತ್ತಿದ್ದು ಆಮೇಲೆ ನಿಂತ ವಾಹನವನ್ನು ಅವು ಸಲೀಸಾಗಿ ನಂಬುತ್ತವೆ. ಕಂಡಾಗಿನಿಂದಲೇ ನಿಂತಿರುವುದನ್ನು ಅನುಮಾನದಿಂದಲೇ ನೋಡುತ್ತವೆ.

ಆ ವ್ಯತ್ಯಾಸ ಹುಟ್ಟುವುದು ಜಾಡು ಹಿಡಿಯುವ ತಂತ್ರಾಂಶದಲ್ಲಿ. ಸೆನ್ಸರ್ ಸೆಕೆಂಡಿಗೆ ಸುಮಾರು 15ರಿಂದ 20 ಸಲ ಚುಕ್ಕಿಗಳ, ಅಂದರೆ ಪ್ರತಿಧ್ವನಿ ಬಂದ ಜಾಗಗಳ, ಒಂದು ಪಟ್ಟಿ ಕೊಡುತ್ತದೆ. ಒಂದೇ ಲಾರಿಯಿಂದ ಹತ್ತಾರು ಚುಕ್ಕಿ ಬರಬಹುದು, ಕೆಲವು ತಡೆಬೇಲಿಗೆ ಬಡಿದು ತಿರುಗಿ ಬಂದ ಸುಳ್ಳು ಚುಕ್ಕಿಗಳೂ ಇರುತ್ತವೆ. ತಂತ್ರಾಂಶ ಹತ್ತಿರದ ಚುಕ್ಕಿಗಳನ್ನು ಗುಂಪು ಮಾಡುತ್ತದೆ, ಹಿಂದಿನ ಸಲ ಇಲ್ಲಿದ್ದ ವಸ್ತು ಈಗ ಎಲ್ಲಿರಬೇಕು ಎಂದು ಅಂದಾಜು ಹಾಕುತ್ತದೆ, ಹೊಸ ಚುಕ್ಕಿ ಅದರ ಹತ್ತಿರ ಬಿದ್ದರೆ ಅಂದಾಜನ್ನು ತಿದ್ದಿಕೊಳ್ಳುತ್ತದೆ. ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಲೆಕ್ಕವೇ ಇವತ್ತಿಗೂ ಇದರ ಬೆನ್ನೆಲುಬು. ಕೆಲವು ಸುತ್ತು ಸರಿಯಾಗಿ ಕೂಡಿಬಂದ ಮೇಲಷ್ಟೇ ಅದು ‘ವಾಹನ’ ಎಂಬ ಪಟ್ಟ ಪಡೆಯುತ್ತದೆ. ಓಡುವ ಕಾರು ಹಿನ್ನೆಲೆಯಿಂದ ತಾನಾಗಿ ಎದ್ದು ಕಾಣುವುದರಿಂದ ಬೇಗ ಪಟ್ಟ ಪಡೆಯುತ್ತದೆ, ಆಮೇಲೆ ನಿಂತರೂ ಅದು ಉಳಿಯುತ್ತದೆ. ನಿಮ್ಮ ಲಾರಿ ಮೊದಲಿಂದಲೂ ನಿಂತಿತ್ತು.

ಈಗ ಸೇತುವೆ. ರೇಡಾರ್ ನೆಲದಿಂದ ಅರ್ಧ ಮೀಟರ್ ಮೇಲಿದೆ, ಸೇತುವೆಯ ಅಡಿ 5 ಮೀಟರ್ ಎತ್ತರದಲ್ಲಿದೆ ಅನ್ನೋಣ. 150 ಮೀಟರ್ ದೂರದಿಂದ ಅದು ಬರೀ 1.7 ಡಿಗ್ರಿ ಮೇಲೆ ಕಾಣುತ್ತದೆ. ಎತ್ತರವನ್ನು ಚೆನ್ನಾಗಿ ಅಳೆಯದ ರೇಡಾರ್‌ಗೆ ಅದು ದಾರಿಗೆ ಅಡ್ಡ ನಿಂತ ದೊಡ್ಡ ಲೋಹ. ನಿಂತ ಲಾರಿಗೂ ಅದಕ್ಕೂ ಏನು ವ್ಯತ್ಯಾಸ? ಹತ್ತಿರ ಹೋದಂತೆ ಸೇತುವೆ ಕಿರಣದಿಂದ ಮೇಲೆ ಜಾರಿ ಮರೆಯಾಗುತ್ತದೆ, ಲಾರಿ ಉಳಿಯುತ್ತದೆ. ಅಂದರೆ ಕಾಯಬೇಕು. ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಕಾರು ಪ್ರಯಾಣಿಕರಿಗೆ ಕಿರಿಕಿರಿಯಾಗದಂತೆ ನಿಲ್ಲಲು ಸುಮಾರು 130 ಮೀಟರ್ ಬೇಕು. ಜೋರಾಗಿ ಬ್ರೇಕ್ ಹಾಕಿದರೆ ಒಣ ರಸ್ತೆಯಲ್ಲಿ 50 ಮೀಟರ್ ಹತ್ತಿರ ಸಾಕು.

ಕ್ರೂಸ್ ಮತ್ತು ತುರ್ತು ಬ್ರೇಕ್ (ಗುದ್ದುವ ಹಂತ ಬಂದಾಗ ಕಾರೇ ಜೋರಾಗಿ ಹಾಕುವ ಬ್ರೇಕ್) ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಇದಕ್ಕೇ. ಮೆತ್ತಗೆ ನಿಲ್ಲಿಸಬೇಕಾದರೆ ಕ್ರೂಸ್ 130 ಮೀಟರ್ ದೂರದಲ್ಲೇ ತೀರ್ಮಾನ ಮಾಡಬೇಕು, ಆ ದೂರದಲ್ಲಿ ಸೇತುವೆಗೂ ಲಾರಿಗೂ ಗೊಂದಲ ಇನ್ನೂ ಬಿಟ್ಟಿರುವುದಿಲ್ಲ. ಬೇಗ ನಂಬಿದರೆ ಸೇತುವೆ ಸೇತುವೆಗೂ ಬ್ರೇಕ್. ತಡವಾಗಿ ನಂಬಿದರೆ ಲಾರಿಗೆ ವೇಗ ಇಳಿಯುವುದಿಲ್ಲ. ತಯಾರಕರು ಈ ಎರಡರ ನಡುವೆ ಎಲ್ಲೋ ಒಂದು ಕಡೆ ಗೆರೆ ಎಳೆಯುತ್ತಾರೆ. ಖಾಲಿ ರಸ್ತೆಯಲ್ಲಿ ಸುಮ್ನೆ ಬ್ರೇಕ್ ಬಿದ್ದರೆ ಹಿಂದಿನವರು ಬಂದು ಗುದ್ದುತ್ತಾರಾದ್ದರಿಂದ ಗೆರೆ ಸಾಮಾನ್ಯವಾಗಿ ‘ನಂಬಬೇಡ’ ಎಂಬ ಕಡೆಗೇ ವಾಲಿರುತ್ತದೆ. ತುರ್ತು ಬ್ರೇಕ್‌ಗೆ ಕೊನೆಯ 50 ಮೀಟರ್‌ವರೆಗೆ ಕಾಯುವ ಅವಕಾಶ ಇದೆ, ಅಷ್ಟರಲ್ಲಿ, ಕಾರಿನಲ್ಲಿ ಕ್ಯಾಮೆರಾ ಕೂಡ ಇದ್ದರೆ, ಅದು ‘ಹೌದು, ಅದು ಲಾರಿಯ ಹಿಂಭಾಗ’ ಎಂದು ಸಾಕ್ಷಿ ಹೇಳಿರುತ್ತದೆ. ನೀವು ಮೊದಲೇ ಬ್ರೇಕ್ ಒತ್ತಿದ್ದರಿಂದ ಅದರ ಸರದಿ ಬರಲಿಲ್ಲ ಅಷ್ಟೇ. ಹಾಗೆಂದು ಮುಂದಿನ ಸಲ ಪರೀಕ್ಷೆ ಮಾಡಿ ನೋಡಬೇಡಿ. ಕಾರುಗಳ ತುರ್ತು ಬ್ರೇಕ್‌ಗೆ ಇರುವ ವಿಶ್ವಸಂಸ್ಥೆಯ 152ನೇ ನಿಯಮ ಕೇಳುವುದು ಗಂಟೆಗೆ 60 ಕಿಲೋಮೀಟರ್‌ವರೆಗಿನ ವೇಗದಲ್ಲಿ ಕೆಲಸ ಮಾಡಬೇಕು ಎಂದು. ಅದರಾಚೆ ಎಷ್ಟು ಸಿಗುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆ. ಕ್ರೂಸ್ ಹಾಕಿದಾಗ ನಿಂತ ವಾಹನದ ಹೊಣೆ ಪೂರ್ತಿ ನಿಮ್ಮದೇ ಎಂದುಕೊಂಡು ಓಡಿಸಿ. ನಿಮ್ಮ ಕಾರಿನ ಕೈಪಿಡಿಯಲ್ಲೂ ಸಣ್ಣ ಅಕ್ಷರದಲ್ಲಿ ಹೀಗೇ ಬರೆದಿರುತ್ತದೆ. ಜಾಹೀರಾತಿನಲ್ಲಿ ಮಾತ್ರ ಇರುವುದಿಲ್ಲ.

ಲಗೇಜಿನ ಮಾತು ನೀವು ಹೇಳದೇ ಇದ್ದಿದ್ದರೆ ನಾನೇ ಕೇಳುತ್ತಿದ್ದೆ. ಡಿಕ್ಕಿ ತುಂಬಿದರೆ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಮುಂದಿನ ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಇರುವ ಕಾರಿನಲ್ಲಿ ಹಿಂಭಾಗ ನಾಲ್ಕೂವರೆ ಸೆಂಟಿಮೀಟರ್ ಇಳಿದರೆ ರೇಡಾರ್ 1 ಡಿಗ್ರಿ ಮೇಲೆ ನೋಡುತ್ತದೆ. ದೂರದ ಸೇತುವೆ ಇರುವುದೇ 1.7 ಡಿಗ್ರಿಯಲ್ಲಿ! ಹಿಂದಿನ ಸ್ಪ್ರಿಂಗ್ ಸೋತಿದ್ದರೆ ಕಡಿಮೆ ಭಾರಕ್ಕೂ ಇಷ್ಟು ಇಳಿಯುತ್ತದೆ. ಟೈರ್ ಗಾಳಿ, ಸ್ಪ್ರಿಂಗ್ ಎರಡನ್ನೂ ನೋಡಿಸಿ. ಖಾಲಿ ಡಿಕ್ಕಿಯಲ್ಲಿ ಅದೇ ಸೇತುವೆಯ ಬಳಿ ಏನೂ ಆಗದಿದ್ದರೆ ಕಾರಣ ಸಿಕ್ಕಂತೆಯೇ.

ಇನ್ನೊಂದು ಸಂಗತಿ ವರ್ಕ್‌ಶಾಪ್‌ಗಳಲ್ಲಿ ಆಗಾಗ ತಪ್ಪಿಹೋಗುತ್ತದೆ. ಮುಂದಿನ ರೇಡಾರ್ ನೇರ ಇದೆಯೋ ಎಂದು ನೋಡುವುದು ಕಾರು ನಿಜವಾಗಿ ಸಾಗುವ ದಿಕ್ಕಿಗೆ, ಅದನ್ನು ತೀರ್ಮಾನಿಸುವುದು ಹಿಂದಿನ ಚಕ್ರಗಳು. ಹಿಂದಿನ ಮೂಲೆಗೆ ಬಿದ್ದ ಗುದ್ದು ಆಕ್ಸಲ್ ಅನ್ನು ಕೊಂಚ ತಿರುಗಿಸಿದ್ದರೆ ಕಾರು ಸೊಟ್ಟಗೆ ಸಾಗುತ್ತದೆ, ಯಾರೂ ಮುಟ್ಟದ ಮುಂದಿನ ರೇಡಾರ್ ಪಕ್ಕಕ್ಕೆ ನೋಡಲು ಶುರು ಮಾಡುತ್ತದೆ. 1 ಡಿಗ್ರಿ ತಪ್ಪಿದರೆ 100 ಮೀಟರ್ ದೂರದಲ್ಲಿ 1.75 ಮೀಟರ್, ಅಂದರೆ ಅರ್ಧ ಲೇನ್ ಆಚೆ. ಸ್ಟೀರಿಂಗ್ ನೇರ ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಮೊದಲು ನಾಲ್ಕು ಚಕ್ರಗಳ ಅಲೈನ್‌ಮೆಂಟ್, ಆಮೇಲೆ ರೇಡಾರ್ ಕ್ಯಾಲಿಬ್ರೇಶನ್ (ಅದು ನೋಡುವ ದಿಕ್ಕನ್ನು ಅಳೆದು ಸರಿಹೊಂದಿಸುವುದು). ಉಲ್ಟಾ ಮಾಡಿದರೆ ದುಡ್ಡು ದಂಡ.

ಈಗ ಹಿಂದಿನ ಎಡಮೂಲೆ. ಮೂಲೆಯ ರೇಡಾರ್ ಬಂಪರಿನ ಮೂಲಕವೇ ಹೊರಗೆ ನೋಡುತ್ತದೆ, ಹಾಗಾಗಿ ಬಂಪರ್ ಅದರ ಕನ್ನಡಕ ಇದ್ದ ಹಾಗೆ ಅಲ್ಲ, ಅದರ ಅಂಗವೇ. ಪ್ಲಾಸ್ಟಿಕ್ಕಿನ ಒಳಗೆ ಈ ಅಲೆಯ ಉದ್ದ ಎರಡೂವರೆ ಮಿಲಿಮೀಟರ್ ಆಸುಪಾಸು. ದಪ್ಪ ಅದರ ಅರ್ಧದ ಲೆಕ್ಕದಲ್ಲಿ ಸರಿಯಾಗಿ ಕೂತರೆ ಅಲೆ ಸಲೀಸಾಗಿ ದಾಟುತ್ತದೆ. ಅದರ ಮೇಲೆ ಒಂದು ಮಿಲಿಮೀಟರ್ ಪುಟ್ಟಿ ಬಿದ್ದರೆ ಆ ಲೆಕ್ಕ ಕೆಡುತ್ತದೆ. ಮೆಟಾಲಿಕ್ ಪೇಂಟ್‌ನ ಅಲ್ಯೂಮಿನಿಯಂ ಪುಡಿ ಅಲೆಯನ್ನು ಇನ್ನಷ್ಟು ತಿರುಗಿಸಿ ಕಳಿಸುತ್ತದೆ, ಹಳೆಯ ಪೇಂಟ್ ಕೆರೆಯದೆ ಮೇಲೆ ಮೇಲೆ ಹೊಡೆದಿದ್ದರೆ ಜಾಸ್ತಿ. ರೇಡಾರ್ ಎದುರಿನ ಭಾಗದಲ್ಲಿ ಪುಟ್ಟಿ ಬೇಡವೇ ಬೇಡ ಎಂದು ಹಲವು ತಯಾರಕರು ರಿಪೇರಿ ಸೂಚನೆಯಲ್ಲಿ ಹೇಳುವುದು ಸುಮ್ನೆ ಅಲ್ಲ.

ದೀಪ ತಡವಾಗಿ ಹತ್ತುವುದಕ್ಕೆ ಲೆಕ್ಕ ಹೀಗಿದೆ. ಬಂಪರ್ ದಾಟುವಾಗ ಅರ್ಧ ಶಕ್ತಿ ಹೋಯಿತು ಅನ್ನಿ. ಬರುವಾಗಲೂ ಅರ್ಧ. ಉಳಿದದ್ದು ಕಾಲು ಭಾಗ. ರೇಡಾರಿನ ಉತ್ತರ ದೂರದ ನಾಲ್ಕನೇ ಘಾತದಲ್ಲಿ ಕುಗ್ಗುವುದರಿಂದ, 70 ಮೀಟರ್‌ನಲ್ಲಿ ಕಾಣುತ್ತಿದ್ದ ಕಾರು ಈಗ 50 ಮೀಟರ್‌ಗೆ ಬಂದ ಮೇಲೆ ಕಾಣುತ್ತದೆ. ಅದು ನಿಮಗಿಂತ ಗಂಟೆಗೆ 36 ಕಿಲೋಮೀಟರ್ ಜೋರಾಗಿ ಬರುತ್ತಿದ್ದರೆ ನೀವು ಕಳೆದುಕೊಂಡದ್ದು ಎರಡು ಸೆಕೆಂಡ್. ಲೇನ್ ಬದಲಿಸಲು ಅಷ್ಟೇ ಸಾಕು.

ತಡೆಬೇಲಿಗೆ ದೀಪ ಹತ್ತುವುದು ದಿಕ್ಕು ತಪ್ಪಿರುವುದರ ಗುರುತು. ನಿಂತ ವಸ್ತು ಇಂತಿಷ್ಟು ಕೋನದಲ್ಲಿದ್ದರೆ ಅದರ ಡಾಪ್ಲರ್ ಇಂತಿಷ್ಟೇ ಇರಬೇಕು ಎಂದು ಸೆನ್ಸರ್‌ಗೆ ಗೊತ್ತು. ತಾಳೆಯಾದರೆ ‘ಇದು ನಿಂತಿದೆ’ ಎಂದು ಬಿಡುತ್ತದೆ. ಬ್ರಾಕೆಟ್ 3 ಡಿಗ್ರಿ ವಾಲಿದ್ದರೆ, ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ, ಪಕ್ಕದ ಬೇಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿರುವಂತೆ ಲೆಕ್ಕ ಬರುತ್ತದೆ. ಪುಟ್ಟಿಯ ಏರುಪೇರು ಅಲೆಯನ್ನು ಬಗ್ಗಿಸಿದರೂ ಇದೇ ಫಲ. ಸಣ್ಣ ತಪ್ಪನ್ನು ಸೆನ್ಸರ್ ಓಡುತ್ತಾ ಓಡುತ್ತಾ ತಾನೇ ಕಲಿತು ಸರಿಪಡಿಸಿಕೊಳ್ಳುತ್ತದೆ. ಮಿತಿ ದಾಟಿದರೆ ದೋಷದ ಕೋಡ್ ಬರೆಯುತ್ತದೆ. ಮಿತಿಯ ಅಂಚಿನಲ್ಲಿ ನಿಂತಿದ್ದರೆ ಕೋಡೂ ಇಲ್ಲ, ನೆಮ್ಮದಿಯೂ ಇಲ್ಲ.

ಗೆಳೆಯರ ಅನುಮಾನ ಪೂರ್ತಿ ಸುಳ್ಳಲ್ಲ. ಒಂದರ ಅಲೆ ಇನ್ನೊಂದಕ್ಕೆ ಬೀಳುವುದು ನಿಜ. ಆದರೆ ಅದರ ಫಲ ಸಾಮಾನ್ಯವಾಗಿ ಕ್ಷಣಕಾಲದ ಗದ್ದಲ. ಸೆನ್ಸರ್ ಆ ತುಣುಕನ್ನು ಎಸೆಯುತ್ತದೆ ಅಥವಾ ಆವರ್ತನ ಬದಲಿಸುತ್ತದೆ. ಬೇರೆ ಕಾರಿನ ಕಾಟವಾಗಿದ್ದರೆ ಗುದ್ದು ಬಿದ್ದ ಎಡಮೂಲೆಯನ್ನೇ ಅದು ಯಾಕೆ ಆರಿಸಿಕೊಳ್ಳಬೇಕು?

ಅಮ್ಮನಿಗೆ ಹೀಗೆ ಹೇಳಿ: ಒಂದು ಆಂಟೆನಾದಿಂದ ಹೊರಡುವ ಶಕ್ತಿ ಸುಮಾರು 10 ಮಿಲಿವಾಟ್ ಲೆಕ್ಕದಲ್ಲಿರುತ್ತದೆ. ಮಕ್ಕಳ ಕೈಯಲ್ಲಿರುವ ಮೊಬೈಲ್ ಸಿಗ್ನಲ್ ಕಡಿಮೆ ಇದ್ದಾಗ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹೊರಡಿಸುತ್ತದೆ. ಈ ಅಲೆ ಎಕ್ಸ್‌ರೇ ಜಾತಿಯದಲ್ಲ, ಚರ್ಮದೊಳಗೆ ಒಂದು ಮಿಲಿಮೀಟರ್ ಕೂಡ ಇಳಿಯುವುದಿಲ್ಲ. ಜೊತೆಗೆ ಅದು ಹೊರಮುಖವಾಗಿದೆ, ಕಾರಿನ ಒಳಗೆ ಕೂತವರತ್ತ ಅಲ್ಲ.

ಏನು ಮಾಡಬಹುದು? ಮೊದಲು ಬಂಪರ್ ಕಳಚಿಸಿ ಎಡ-ಬಲ ಬ್ರಾಕೆಟ್ ಹೋಲಿಸಿ ನೋಡಿಸಿ. ಬಗ್ಗಿದ ಬ್ರಾಕೆಟ್ ಅನ್ನು ಬಡಿದು ನೇರ ಮಾಡಲು ಬಿಡಬೇಡಿ, ಬದಲಿಸಿ. ಕಣ್ಣಿಗೆ ನೇರ ಕಂಡದ್ದು ರೇಡಾರ್‌ಗೆ ನೇರ ಇರುವುದಿಲ್ಲ. ಬಂಪರ್ ಕೂಡ ಹೊಸದು ಹಾಕಿಸಿ ತಯಾರಕರು ಹೇಳಿದ ದಪ್ಪದಲ್ಲೇ ಪೇಂಟ್ ಮಾಡಿಸುವುದು ನನ್ನ ಆಯ್ಕೆ. ಪುಟ್ಟಿ ಕೆರೆದು ಮತ್ತೆ ಪೇಂಟ್ ಮಾಡಿಸುವುದು ಅಗ್ಗ, ಆದರೆ ಒಳಗಿನ ಪ್ಲಾಸ್ಟಿಕ್ ಸೀಳಿದ್ದರೆ ಅಥವಾ ಸೊಟ್ಟಗಾಗಿದ್ದರೆ ತೊಂದರೆ ಉಳಿಯುತ್ತದೆ. ಎರಡರಲ್ಲೂ ಕೊನೆಗೆ ಕ್ಯಾಲಿಬ್ರೇಶನ್ ಆಗಲೇಬೇಕು. ಕೆಲವು ಕಾರಿಗೆ ಗುರಿಫಲಕ ಇಟ್ಟು ಶೆಡ್ಡಿನಲ್ಲಿ ಮಾಡುತ್ತಾರೆ, ಕೆಲವಕ್ಕೆ ಸ್ಕ್ಯಾನರ್ ಹಚ್ಚಿ ರಸ್ತೆಯಲ್ಲಿ ಓಡಿಸುತ್ತಾರೆ.

ಇಷ್ಟಾದ ಮೇಲೂ ಎಡಗಡೆ ಹಾಗೇ ಇದ್ದರೆ ಆಗ ಆ ಒಂದು ಸೆನ್ಸರ್ ಬದಲಿಸಿ. ಬೇರೆ ಕಾರಿನಿಂದ ಬಿಚ್ಚಿದ ಹಳೆಯ ಸೆನ್ಸರ್ ಅಗ್ಗಕ್ಕೆ ಸಿಗಬಹುದು, ಕೋಡಿಂಗ್ ಒಪ್ಪದೆ ಕೈಕೊಡುವುದೂ ಉಂಟು. ಹೊರಗಿನ ಬ್ಲೈಂಡ್ ಸ್ಪಾಟ್ ಕಿಟ್ ಹಾಕಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದಕ್ಕೆ ನಿಮ್ಮ ಕಾರಿನ ಸ್ಟೀರಿಂಗ್ ಕೋನ, ತಿರುವಿನ ವೇಗ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ, ತಿರುವಿನಲ್ಲಿ ಬೇಲಿಗೆಲ್ಲ ಕೂಗುತ್ತದೆ.

ಆಫ್ ಮಾಡುವ ವಿಷಯ. ರಿಪೇರಿ ಆಗುವ ತನಕ ಬ್ಲೈಂಡ್ ಸ್ಪಾಟ್ ಆಫ್ ಮಾಡಿ, ಕನ್ನಡಿ ಮತ್ತು ಕತ್ತು ತಿರುಗಿಸುವುದನ್ನೇ ನಂಬಿ. ಅರ್ಧ ಕೆಲಸ ಮಾಡುವ ದೀಪ ಇಲ್ಲದ ದೀಪಕ್ಕಿಂತ ಅಪಾಯ. ಲಗೇಜು ತುಂಬಿದಾಗ ಕ್ರೂಸ್ ಬೇಡ. ತುರ್ತು ಬ್ರೇಕ್ ಮಾತ್ರ ಆನ್ ಇರಲಿ. ನೀವು ಹೇಳಿದ ಎರಡೂ ಬ್ರೇಕ್ ಕ್ರೂಸ್‌ನವು. ಕ್ರೂಸ್ ಇಲ್ಲದಿರುವಾಗಲೂ ಸುಮ್ನೆ ಬ್ರೇಕ್ ಬಿದ್ದರೆ ಆಗ ಕಾಯದೆ ತೋರಿಸಿ.

ಕ್ಯಾಮೆರಾ ಮಾತ್ರ ಇರುವ ಕಾರು ಕೊಂಡರೆ ಖಾಲಿ ರಸ್ತೆಯ ಬ್ರೇಕ್ ತಪ್ಪುತ್ತದೆ ಎಂಬ ಖಾತ್ರಿ ಇಲ್ಲ. ಟೆಸ್ಲಾ 2021ರಲ್ಲಿ ಉತ್ತರ ಅಮೆರಿಕದ ಮಾಡೆಲ್ 3 ಮತ್ತು ಮಾಡೆಲ್ ವೈ ಕಾರುಗಳಿಂದ ರೇಡಾರ್ ತೆಗೆಯಲು ಶುರು ಮಾಡಿತು. 2021 ಮತ್ತು 2022ರ ಅದೇ ಮಾದರಿಗಳು ಕಾರಣವಿಲ್ಲದೆ ಬ್ರೇಕ್ ಹಾಕುತ್ತಿವೆ ಎಂಬ ದೂರುಗಳ ಮೇಲೆ 2022ರ ಫೆಬ್ರವರಿಯಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ತನಿಖೆ ಆರಂಭಿಸಿತು. ಕ್ಯಾಮೆರಾಗೆ ನೆರಳು, ಮಂಜು, ಎದುರು ಬಿಸಿಲಿನ ತೊಂದರೆ. ರೇಡಾರ್‌ಗೆ ಸೇತುವೆಯ ತೊಂದರೆ. ಎರಡೂ ಇರುವ ಕಾರನ್ನೇ ನಾನು ಕೊಳ್ಳುವೆ. ಸಾಧ್ಯವಾದರೆ ಎತ್ತರವನ್ನೂ ಅಳೆಯುವ ಹೊಸ ಬಗೆಯ ರೇಡಾರ್ ಇರುವುದು. ಅವುಗಳಲ್ಲಿ ಕೆಲವಕ್ಕೆ 12 ಕಳಿಸುವ, 16 ಕೇಳುವ ಆಂಟೆನಾ ಇದ್ದು ಲೆಕ್ಕದಲ್ಲಿ 192ರ ಸಾಲಾಗುತ್ತದೆ.

ಈಗಿನ ಕಾರಿಗೆ ಮರಳಿದರೆ, ವರ್ಕ್‌ಶಾಪ್‌ನಲ್ಲಿ ‘ಕ್ಯಾಲಿಬ್ರೇಶನ್ ಆಯ್ತು’ ಎಂಬ ಬಾಯಿಮಾತಿಗೆ ಸುಮ್ಮನಾಗಬೇಡಿ. ಹಲವು ಕಾರುಗಳಲ್ಲಿ ಸ್ಕ್ಯಾನರ್ ಪ್ರತಿ ರೇಡಾರಿನ ಅಡ್ಡ ಕೋನದ ತಪ್ಪನ್ನು ಡಿಗ್ರಿಯಲ್ಲಿ ತೋರಿಸುತ್ತದೆ. ಬಂಪರ್ ಬಿಚ್ಚುವ ಮೊದಲು ಒಂದು, ಕೆಲಸ ಮುಗಿದ ಮೇಲೆ ಒಂದು ಪ್ರಿಂಟ್ ತೆಗೆದುಕೊಳ್ಳಿ. ಎಡಗಡೆಯ ಅಂಕಿ ಬಲಗಡೆಯದರ ಹತ್ತಿರಕ್ಕೆ ಬಂದಿರಬೇಕು. ಬಂದಿಲ್ಲದಿದ್ದರೆ ಕಾರು ಅಲ್ಲೇ ಬಿಟ್ಟು ಬನ್ನಿ.